ಕಿವಿ ಗುಂಪಿಗೆ ಬೆಳ್ಳುಳ್ಳಿ ಎಣ್ಣೆ

ಆಳಂದದ ಆ ತರಬೇತಿಗೆ ನಾನು ಹೋಗಬೇಕಾಗಿರಲಿಲ್ಲ. ಹೋಗಬೇಕಾದವರು ನಮ್ಮ ಹೆಡ್ ಮಾಸ್ತರರು. ಅದೇ ದಿನ ಅವರ ಹೊಲದಲ್ಲಿ ತೊಗರಿ ಬಿತ್ತಲು ಆಳು ಸಿಕ್ಕಿದ್ದರಿಂದ, "ಮೇಡಂ, ನೀವೇ ಹೋಗಿ ಬರ್ರಿ. ಹೊಸಾದು ಕಲಿಯೂದಂದ್ರ ನಿಮಗ ಭಾಳ ಹುರುಪು" ಎಂದು ನನ್ನನ್ನು ಬಸ್ಸು ಹತ್ತಿಸಿದರು. ನನಗೆ ಅಂಥ ಹುರುಪೇನೂ ಇಲ್ಲ. ತರಬೇತಿಗಳಲ್ಲಿ ಕೊಡುವ ಚಹಾ ತಣ್ಣಗಿರುತ್ತದೆ, ಮಾತು ಅದಕ್ಕಿಂತ ತಣ್ಣಗಿರುತ್ತದೆ. ಆದರೂ ಈ ಸಲ ತಕರಾರು ತೆಗೆಯದೆ ಹೋದೆ. ಅದಕ್ಕೆ ಕಾರಣ ನಮ್ಮ ಐದನೇ ತರಗತಿಯ ಒಬ್ಬ ಹುಡುಗಿ.

ನಮ್ಮ ಶಾಲೆ ಇರುವುದು ಮಾದನಹಿಪ್ಪರಗಾದ ಆಚೆ, ಬಸ್ಸು ಮನಸ್ಸಾದರೆ ಬರುವ ಊರಿನಲ್ಲಿ. ಆ ಹುಡುಗಿಯ ತಂದೆತಾಯಿ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಇವಳು ಅಜ್ಜಿಯ ಜೊತೆ ಊರಲ್ಲಿದ್ದಳು. ಆ ವರ್ಷ ತಾಯಿಗೆ ಇನ್ನೊಂದು ಕೂಸು ಹುಟ್ಟಿತು. ಕೂಸು ಎತ್ತಿಕೊಳ್ಳಲು ಒಬ್ಬರು ಬೇಕು, ದೊಡ್ಡ ಮಗಳು ಯಾತಕ್ಕಿದ್ದಾಳೆ ಎಂಬ ಮಾತು ಪುಣೆಯಿಂದ ಬಂತು. ಅಜ್ಜಿ ಶಾಲೆಯ ಗೇಟಿನ ಹತ್ತಿರ ನಿಂತು ನನಗೆ ತೀರ್ಪು ಹೇಳಿಬಿಟ್ಟಳು: "ವಸತಿ ಸಾಲಿ ಸೀಟ ಸಿಕ್ರ ಸಾಲಿ, ಇಲ್ಲಂದ್ರ ಪುಣೆ. ನಾ ಮಗನಿಗಿ ಮಾತ ಕೊಟ್ಟೇನಿ ಬಾಯೋರ."

ವಸತಿ ಶಾಲೆಗೆ ಸೇರಲು ಐದನೇ ತರಗತಿಯಲ್ಲೇ ಪ್ರವೇಶ ಪರೀಕ್ಷೆ ಬರೆಯಬೇಕು. ಹುಡುಗಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಕೂಡಿಸುವುದು ಕಳೆಯುವುದೂ ಬರುತ್ತಿತ್ತು. ಭಿನ್ನರಾಶಿ ಬಂತೋ, ಮುಗಿಯಿತು. ದಿನವಿಡೀ ಮುಚ್ಚದ ಬಾಯಿ ಆಗ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಉಳಿದ ಹೊತ್ತೆಲ್ಲ ಅವಳು ಜಗಳಗಂಟಿ. ನಳದ ಸಾಲಿನಲ್ಲಿ ಯಾರು ಮುಂದೆ, ಬಿಸಿಯೂಟದ ತಟ್ಟೆ ಯಾರು ತೊಳೆಯಬೇಕು, ಪ್ರಾರ್ಥನೆಯಲ್ಲಿ ಯಾರು ಕಣ್ಣು ತೆರೆದಿದ್ದರು, ಎಲ್ಲಕ್ಕೂ ಅವಳದೊಂದು ವ್ಯಾಜ್ಯ. "ಬಾಯಿ ಮುಚ್ಚು, ಲೆಕ್ಕ ನೋಡು" ಎಂದು ನಾನು ಗದರುವುದು, ಅವಳು ಬಾಯಿ ಮುಚ್ಚಿ ಲೆಕ್ಕವನ್ನು ಬರೀ ನೋಡುತ್ತಾ ಕೂಡುವುದು, ಹೀಗೆ ನಡೆದಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಆ ಹುಡುಗಿ ಕಂಕುಳಲ್ಲಿ ಕೂಸು ಇಟ್ಟುಕೊಂಡು ಪುಣೆಯ ಮರಳಿನ ಗುಡ್ಡೆಯ ಮೇಲೆ ಕೂತಿರುವುದು ನನ್ನ ಕಣ್ಣ ಮುಂದೆ ಬರುತ್ತಿತ್ತು.

ತರಬೇತಿಯ ವಿಷಯ 'ಮಕ್ಕಳ ಕಲಿಕೆಯ ಶೈಲಿಗಳು'. ತರಬೇತುದಾರರು ಹೊರಗಿನಿಂದ ಬಂದ ಯುವಕರು, ಇಸ್ತ್ರಿ ಅಂಗಿ, ಮೆತ್ತನೆಯ ಮಾತು. ಮಕ್ಕಳಲ್ಲಿ ಮೂರು ಬಗೆ: ನೋಡಿ ಕಲಿಯುವವರು, ಕೇಳಿ ಕಲಿಯುವವರು, ಕೈಯಿಂದ ಮಾಡಿ ಕಲಿಯುವವರು. ಯಾವ ಮಗು ಯಾವ ಬಗೆ ಎಂದು ತಿಳಿದು ಪಾಠ ಮಾಡಿದರೆ ಕಲಿಯದ ಮಗುವೇ ಇಲ್ಲ ಎಂದರು. ಇದನ್ನು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸುವುದಿತ್ತು. ಕರೆಂಟು ಹೋದದ್ದರಿಂದ ನೋಡಿ ಕಲಿಯುವವರ ವಿಷಯವನ್ನೂ ನಾವು ಕೇಳಿಯೇ ಕಲಿತೆವು.

ನಾನು ಜೇವರ್ಗಿಯಲ್ಲಿ ಕಲಿತವಳು. ನಮ್ಮ ಮಾಸ್ತರರ ಕಾಲದಲ್ಲಿ ಬಗೆಗಳು ಎರಡೇ: ಹೊಡೆತ ಬೀಳುವ ಮೊದಲೇ ಕಲಿಯುವವರು, ಬಿದ್ದ ಮೇಲೆ ಕಲಿಯುವವರು. ನಾನು ಮೂರನೆಯ ಬಗೆ. ಹೊಡೆತ ಬಿದ್ದ ಮೇಲೆ ಯಾಕೆ ಹೊಡೆದಿರಿ ಎಂದು ಕೇಳಿ ಇನ್ನೊಂದು ತಿನ್ನುವವಳು.

ನಮ್ಮದೇ ಬಗೆ ಯಾವುದೆಂದು ತಿಳಿಯಲು ತರಬೇತುದಾರರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. "ಮೇಡಂ, ಗೊತ್ತಿಲ್ಲದ ಊರಲ್ಲಿ ಒಂದು ಮನೆ ಹುಡುಕಬೇಕು. ನಕ್ಷೆ ನೋಡ್ತೀರಾ, ಯಾರನ್ನಾದರೂ ಕೇಳ್ತೀರಾ, ಅಥವಾ ನಡೆದು ಹುಡುಕ್ತೀರಾ?"

"ಕೇಳ್ತೇನಿ. ಅವರು ತಪ್ಪ ಹೇಳಿದ್ರ ತಿರುಗಿ ಬಂದು ಅವರನ್ನ ತರಾಟಿಗಿ ತಗೋತೇನಿ" ಎಂದೆ.

"ಅದು ಇದರಲ್ಲಿ ಇಲ್ಲ ಮೇಡಂ. ಮೂರರಲ್ಲಿ ಒಂದು ಹೇಳಬೇಕು."

"ಇಲ್ಲಂದ್ರ ನಿಮ್ಮ ಮೂರು ಸಾಲೂದಿಲ್ಲ ಅಂತಾಯ್ತಲ್ರಿ."

ಅವರು ನಿಟ್ಟುಸಿರು ಬಿಟ್ಟು ನನ್ನನ್ನು ಕೇಳಿ ಕಲಿಯುವವರ ಗುಂಪಿಗೆ ಹಾಕಿದರು. ಅಫಜಲಪುರ ತಾಲ್ಲೂಕಿನ ಮಣ್ಣೂರ ಕಡೆ ನಾನು ಮೊದಲು ಕೆಲಸ ಮಾಡಿದಾಗ ಜೊತೆಗಿದ್ದ ಗೆಳತಿ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ. "ಈಕಿ ಕಿವಿ ಗುಂಪೇನ್ರಿ? ಭೀಮಾ ನದಿ ತುಂಬಿ ಬಂದಾದ, ಅತ್ಲಾಗ ಹೋಗಬ್ಯಾಡ ಅಂದ್ರೂ ಕೇಳದಾಕಿ ಈಕಿ. ಜಲ್ಮದಾಗ ಯಾರ ಮಾತ ಕೇಳ್ಯಾಳ?" ಇಡೀ ಸಭೆ ನಕ್ಕಿತು. ನನಗೆ ಸಿಟ್ಟು ಬಂತು. ಆದರೂ ಮನಸ್ಸಿನಲ್ಲಿ ಹುಡುಗಿ ಇದ್ದಳು. ಭಿನ್ನರಾಶಿ ಇವಳ ಕಿವಿಯಿಂದ ಹೋಗದಿದ್ದರೆ ಕೈಯಿಂದಲಾದರೂ ಹೋಗಲಿ ಎಂದು ಆಸೆ ಹುಟ್ಟಿತು.

ಮರುದಿನವೇ ಶುರು ಮಾಡಿದೆ. ಹಳೆಯ ರಟ್ಟು ಕತ್ತರಿಸಿ ಕೆಲವದರ ಮೇಲೆ ಕಣ್ಣು, ಕೆಲವದರ ಮೇಲೆ ಕಿವಿ, ಕೆಲವದರ ಮೇಲೆ ಕೈ ಬರೆದು ಬಣ್ಣ ತುಂಬಿ ಬಿಲ್ಲೆ ಮಾಡಿದೆ. ಮಕ್ಕಳನ್ನು ಒಂದಿಷ್ಟು ಪ್ರಶ್ನೆ ಕೇಳಿ, ಮೂರು ಗುಂಪು ಮಾಡಿ, ಪ್ರತಿಯೊಬ್ಬರ ಎದೆಗೂ ಪಿನ್ನು ಹಾಕಿ ಬಿಲ್ಲೆ ಸಿಗಿಸಿದೆ. ಕಣ್ಣು ಗುಂಪು ಬೋರ್ಡಿನ ಮುಂದೆ, ಕಿವಿ ಗುಂಪು ನನ್ನ ಕುರ್ಚಿಯ ಹತ್ತಿರ, ಕೈ ಗುಂಪು ಪಡಸಾಲೆಯಲ್ಲಿ ಹುಣಸೆ ಬೀಜ, ಜೇಡಿಮಣ್ಣು ಇಟ್ಟುಕೊಂಡು. ಮಣ್ಣು ಕಂಡದ್ದೇ ತಡ, ಎಲ್ಲರೂ ಕೈ ಗುಂಪಿಗೆ ನುಗ್ಗಿದರು. ನಮ್ಮ ಹುಡುಗಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲವಾದ್ದರಿಂದ ಅವಳಿಗೆ ಕೈ ಎಂದು ಮೊದಲೇ ತೀರ್ಮಾನಿಸಿದ್ದೆ. ಅವಳೊಬ್ಬಳೇ ಬೇಡ ಎಂದವಳು.

"ನಾ ಕೈ ಅಲ್ರಿ ಟೀಚರ್."

"ಮತ್ತೇನ?"

"ಗೊತ್ತಿಲ್ರಿ. ಖರೆ ಕೈ ಅಲ್ರಿ."

"ಬಾಯಿ ಮುಚ್ಚು, ಮಣ್ಣ ಹಿಡಿ" ಎಂದೆ.

ಸಂಜೆ ಗಂಟೆ ಹೊಡೆಯಿತು. ಮಕ್ಕಳು ಬಿಲ್ಲೆ ಎದೆಗೆ ಸಿಗಿಸಿಕೊಂಡೇ ಜಂಬದಿಂದ ಮನೆಗೆ ಹೋದರು. ಬಿಚ್ಚಿಸಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ. ಹಿಂದಿನ ವಾರವಷ್ಟೇ ದವಾಖಾನೆಯವರು ಶಾಲೆಗೆ ಬಂದು ಎಲ್ಲ ಮಕ್ಕಳ ಕಣ್ಣು, ಕಿವಿ, ಹಲ್ಲು ಪರೀಕ್ಷೆ ಮಾಡಿ ಹೋಗಿದ್ದರು ಎಂಬುದೂ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಐದನೇ ತರಗತಿಯನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ಕಿವಿ ಗುಂಪಿನವರ ಕಿವಿಗಳಲ್ಲಿ ಹತ್ತಿಯ ಉಂಡೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಕುತ್ತಿಗೆಯ ತನಕ ಇಳಿಯುತ್ತಿತ್ತು. ಕಣ್ಣು ಗುಂಪಿನವರಿಗೆ ನೆತ್ತಿಯ ಮೇಲೆ ಔಡಲೆಣ್ಣೆ, ಕಣ್ಣಿಗೆ ಹುಬ್ಬಿನ ತನಕ ಕಾಡಿಗೆ. ಅವರಲ್ಲೊಬ್ಬ ತನ್ನ ತಾತನ ಕನ್ನಡಕವನ್ನೇ ಹಾಕಿಕೊಂಡು ಬಂದು, ಧ್ವಜದ ಕಂಬ ಎಲ್ಲಿದೆಯೆಂದು ಗಾಳಿಯಲ್ಲಿ ತಡಕಾಡುತ್ತಿದ್ದ. ಕೈ ಗುಂಪಿನವರ ಕೈಗೆ ಅರಿಶಿಣ ಸುಣ್ಣ ಕಲಸಿ ಬಟ್ಟೆ ಸುತ್ತಿದ್ದರು. ಅಲ್ಲಿಗೆ ನನ್ನ ಪ್ರಯೋಗ ಸಂಪೂರ್ಣವಾಯಿತು. ಕೇಳಿ ಕಲಿಯುವವರಿಗೆ ಕೇಳಿಸುತ್ತಿಲ್ಲ, ನೋಡಿ ಕಲಿಯುವವರಿಗೆ ಕಾಣಿಸುತ್ತಿಲ್ಲ, ಮಾಡಿ ಕಲಿಯುವವರಿಗೆ ಪೆನ್ಸಿಲ್ ಹಿಡಿಯಲಾಗುತ್ತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಯಾವ ಎತ್ತಿಗೂ ಜ್ವರ ಬಂದಿರಲಿಲ್ಲ, ಬರೆ ಮಾತ್ರ ಎಲ್ಲರಿಗೂ ಬಿದ್ದಿತ್ತು.

ಹೆಡ್ ಮಾಸ್ತರರು ಮೂಗು ಮುಚ್ಚಿಕೊಂಡು ಸಾಲಿನ ಉದ್ದಕ್ಕೂ ನಡೆದರು. "ಮೇಡಂ, ಆಳಂದದಾಗ ಏನ ಕಲಿಸಿದ್ರು ನಿಮಗ?"

"ನೀವ ಹೋಗಿದ್ರ ಗೊತ್ತಾಗ್ತಿತ್ತು ಸರ್" ಎಂದೆ.

ಮನೆಮನೆಯವರು ಬಂದರು, ಬಿಲ್ಲೆ ರೋಗದ ಗುರುತಲ್ಲವೆಂದು ಸಮಾಧಾನ ಮಾಡಿ ಕಳಿಸಿದೆ. ಕೊನೆಗೆ ಮಧ್ಯಾಹ್ನದ ಊಟದ ಹೊತ್ತಿಗೆ ಬಂದವಳು ಆ ಅಜ್ಜಿ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಆಯಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು.

"ಬಾಯೋರ, ನಮ್ಮ ಹುಡುಗಿ ಕೈಗಿ ಏನಾಗ್ಯಾದ್ರಿ? ಮೊನ್ನಿ ದವಾಖಾನಿಯವ್ರು ಕೈ ಬಗ್ಗೆ ಒಂದು ಮಾತ ಆಡ್ಲಿಲ್ಲ. ನೀವ ಹ್ಯಾಂಗ ಕಂಡ ಹಿಡದ್ರಿ?"

"ಕೈಗಿ ಏನೂ ಆಗಿಲ್ಲ ಆಯಿ. ಆಕಿ ಕೈಲೆ ಮಾಡಿ ಕಲೀತಾಳಂತ ಗುಂಪ ಮಾಡೇನಿ."

"ಕೈಲೆ ಮಾಡ್ದೆ ಕಾಲ್ಲೆ ಮಾಡ್ತಾರೇನ್ರಿ?"

ಇದಕ್ಕೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ನಾವು ಪಡಸಾಲೆಯಲ್ಲಿ ನಿಂತಿದ್ದೆವು. ನಮ್ಮ ಕಾಲ ಬುಡದಲ್ಲೇ ಹುಡುಗಿ ತನ್ನ ಇಬ್ಬರು ಗೆಳತಿಯರ ಜೊತೆ ಕೂತಿದ್ದಳು. ಶಾಲೆಯಲ್ಲಿ ಅನ್ನ ಸಾರು ಕೊಟ್ಟರೂ ನಮ್ಮ ಮಕ್ಕಳು ಮನೆಯಿಂದ ಜೋಳದ ರೊಟ್ಟಿ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ತಂದೇ ತರುತ್ತಾರೆ. ಆ ಮೂವರು ಯಾವಾಗಲೂ ಇದ್ದದ್ದನ್ನು ಸಮನಾಗಿ ಹಂಚಿಕೊಂಡು ತಿನ್ನುವವರು. ಹಂಚುವ ಕೆಲಸ ನಮ್ಮ ಹುಡುಗಿಯದು, ಬೇರೆ ಯಾರು ಹಂಚಿದರೂ ಅವಳಿಗೆ ನಂಬಿಕೆಯಿಲ್ಲ. ಅವತ್ತು ಅವಳ ಕೈಗೆ ಅರಿಶಿಣದ ಕಟ್ಟು ಇತ್ತಲ್ಲ, ಉಳಿದ ಒಂದು ರೊಟ್ಟಿಯನ್ನು ನನ್ನತ್ತ ಚಾಚಿ, "ಟೀಚರ್, ಮೂರೂ ಮಂದಿಗಿ ಹಂಚ್ರಿ" ಎಂದಳು.

ನನ್ನ ಗಮನವೆಲ್ಲ ಆಯಿಯ ಮೇಲಿತ್ತು. "ಆಯಿ, ಕಲಿಯೂದ್ರಾಗ ಮೂರು ಬಗಿ ಇರ್ತಾವ" ಎನ್ನುತ್ತ ರೊಟ್ಟಿಯನ್ನು ನಡುವೆ ಹರಿದು ಅರ್ಧವನ್ನು ಒಬ್ಬಳಿಗೆ ಕೊಟ್ಟೆ. ಉಳಿದರ್ಧವನ್ನು ಮತ್ತೆ ಹರಿದು ಇನ್ನಿಬ್ಬರಿಗೆ ಒಂದೊಂದು ತುಂಡು ಕೊಟ್ಟೆ.

"ಟೀಚರ್! ಇದೇನ್ರಿ?" ಹುಡುಗಿ ಎದ್ದು ನಿಂತಿದ್ದಳು.

"ಮೂರು ತುಂಡು, ಮೂರು ಮಂದಿ. ಮೂರರಾಗ ಒಂದೊಂದು ಪಾಲು. ಸುಮ್ಮ ಕೂತ ತಿನ್ನು."

"ಮೂರು ತುಂಡ ಮಾಡಿದ್ರ ಮೂರು ಪಾಲ ಆಗ್ತಾವೇನ್ರಿ? ಆಕಿಗಿ ಅರ್ಧ ಬಂತು, ನಮ್ಮಿಬ್ಬರಿಗಿ ಪಾವ ಪಾವ ಬಂತು! ನಂದೂ ಈಕಿದೂ ಕೂಡಿಸಿದ್ರ ಆಕಿ ಒಬ್ಬಾಕಿದು ಆಗ್ತದ! ಪಾಲಂದ್ರ ಸರಿಸಮ ಇರಬೇಕಲ್ರಿ!"

ಕಾಲು, ಅರ್ಧ, ಮೂರರಲ್ಲೊಂದು, ಸಮಭಾಗ. ಒಂದು ತಿಂಗಳಿಂದ ಗಂಟಲು ಹರಿದುಕೊಂಡು ಹೇಳುತ್ತಿದ್ದ ಪಾಠ ಅವಳ ಬಾಯಿಂದ ಬೈಗುಳದ ಹಾಗೆ ಉದುರಿತ್ತು. ಮೊದಲ ತಪ್ಪು ನನಗೆ ಗೊತ್ತಿಲ್ಲದೆ ಆದದ್ದು. ಎರಡನೆಯದನ್ನು ಬೇಕೆಂದೇ ಮಾಡಿದೆ.

"ಪಾವ ಬಂದ್ರ ಏನಾಯ್ತು? ಮೂರರಾಗ ಒಂದಕಿಂತ ಪಾವನೇ ಹೆಚ್ಚು. ಪಾವಂದ್ರ ನಾಕರಾಗ ಒಂದು. ಮೂರಕಿಂತ ನಾಕ ದೊಡ್ಡದಲ್ಲೇನ?"

ಹುಡುಗಿಯ ಮುಖ ಕೆಂಪಾಯಿತು. "ನಾಕ ಮಂದಿ ಹಂಚ್ಕೊಂಡ್ರ ಒಬ್ಬರಿಗಿ ಕಡಿಮಿ ಬರ್ತದೋ ಹೆಚ್ಚ ಬರ್ತದೋ ನೀವೇ ಹೇಳ್ರಿ! ಮಂದಿ ಹೆಚ್ಚಾದಂಗ ಪಾಲ ಸಣ್ಣದಾಗ್ತದ್ರಿ! ಇಷ್ಟೂ ತಿಳಿಯೂದಿಲ್ಲೇನ್ರಿ?"

ಆಯಿ ಎರಡೂ ಕಡೆ ನೋಡಿ ನಿರ್ಧಾರಕ್ಕೆ ಬಂದಳು. "ಹುಡುಗಿ ಹೇಳೂದು ಖರೆ ಅದ ಬಾಯೋರ. ನಿಮಗ ರೊಟ್ಟಿ ಹರಿಯಾಕ ಬರೂದಿಲ್ಲ."

ಆ ಸಂಜೆ ಬಿಲ್ಲೆಗಳನ್ನೆಲ್ಲ ಒಲೆಗೆ ಹಾಕಿದೆ. ಇವಳು ಕಣ್ಣಲ್ಲ, ಕಿವಿಯಲ್ಲ, ಕೈಯೂ ಅಲ್ಲ. ಇವಳು ಜಗಳ. ಎದುರಿಗಿರುವುದು ಸರಿಯಿದ್ದರೆ ಇವಳಿಗೆ ಅದರಲ್ಲಿ ಆಸಕ್ತಿಯಿಲ್ಲ, ತಪ್ಪಿದ್ದರೆ ಬಿಡುವವಳಲ್ಲ. ಇಂಥ ಒಂದು ಬಗೆ ಇದೆಯೆಂದು ತರಬೇತಿಯಲ್ಲಿ ನಾನೇ ವಾದ ಮಾಡಿದ್ದೆ. ಆದರೆ ಅದು ನನ್ನೊಬ್ಬಳ ರೋಗ ಎಂದುಕೊಂಡಿದ್ದೆ.

ಮರುದಿನದಿಂದ ನಾನು ಬೋರ್ಡಿನ ಮೇಲೆ ತಪ್ಪು ಬರೆಯತೊಡಗಿದೆ. ಅರ್ಧಕ್ಕೆ ಮೂರರಲ್ಲೊಂದು ಕೂಡಿಸಿದರೆ ಐದರಲ್ಲೆರಡು ಎಂದು ಬರೆದು, ಕೈ ಕಟ್ಟಿ, ಗಂಭೀರವಾಗಿ ನಿಲ್ಲುತ್ತಿದ್ದೆ. ಹುಡುಗಿ ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಎದ್ದಳು. "ಟೀಚರ್, ಐದರಾಗ ಎರಡಂದ್ರ ಅರ್ಧಕಿಂತ ಕಡಿಮಿ ಆಯ್ತಲ್ರಿ. ಕೂಡಿಸಿದ ಮ್ಯಾಲ ಕಡಿಮಿ ಹ್ಯಾಂಗಾಗ್ತದ?" ನಾನು ಬಿಟ್ಟುಕೊಡುತ್ತಿರಲಿಲ್ಲ. "ನಾ ಟೀಚರ್, ನಾ ಹೇಳಿದ್ದೇ ಸರಿ" ಎನ್ನುತ್ತಿದ್ದೆ. ಅವಳು ಬೋರ್ಡಿಗೆ ಬಂದು, ನನ್ನ ಕೈಯಿಂದ ಚಾಕ್‌ಪೀಸ್ ಕಸಿದು, ರೊಟ್ಟಿ ಬರೆದು, ಗೆರೆ ಎಳೆದು, ಆರರಲ್ಲೈದು ಎಂದು ಸಾಧಿಸಿ ತೋರಿಸಿ, ಗೆದ್ದ ಪೈಲ್ವಾನನ ಹಾಗೆ ಹೋಗಿ ಕೂಡುತ್ತಿದ್ದಳು. ಎಷ್ಟೋ ಸಲ ಉತ್ತರ ತಿಳಿಯದೆ ಬೋರ್ಡಿನ ಮುಂದೆ ಹಲ್ಲು ಕಚ್ಚಿ ನಿಂತದ್ದೂ ಉಂಟು. ಆದರೆ ಸೋತು ಕೂಡಲು ಮನಸ್ಸಾಗದೆ ಕೊನೆಗೆ ಹುಡುಕಿಯೇ ಬಿಡುತ್ತಿದ್ದಳು. ನಾನು ಸೋತ ಮುಖ ಮಾಡಿ ಒಳಗೊಳಗೇ ಕುಣಿಯುತ್ತಿದ್ದೆ.

ಇದರ ರುಚಿ ಇಡೀ ತರಗತಿಗೆ ಹತ್ತಿತು. ನಾನು ಚಾಕ್‌ಪೀಸ್ ಎತ್ತಿದರೆ ಸಾಕು, "ತಪ್ಪ್ರೀ ಟೀಚರ್!" ಎಂಬ ಕೂಗು ಏಳುತ್ತಿತ್ತು. ದಿನಾಂಕ ಬರೆದರೂ ತಪ್ಪು ಎನ್ನುತ್ತಿದ್ದರು. ಒಂದು ದಿನ ಹೆಡ್ ಮಾಸ್ತರರು ಕಿಟಕಿಯಿಂದ ಬೋರ್ಡು ನೋಡಿ, ಬಹಳ ಹೊತ್ತು ಯೋಚಿಸಿ, ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು: "ಮೇಡಂ, ಭಿನ್ನರಾಶಿ ನಾನೇ ತಗೋಲೇನ್ರಿ? ನಾಚ್ಕೋಬ್ಯಾಡ್ರಿ. ಭಾಳ ಮಂದಿಗಿ ಬರೂದಿಲ್ಲ ಅದು."

ಊರಲ್ಲೂ ಸುದ್ದಿಯಾಯಿತು. ಬಾಯೋರಿಗೆ ಲೆಕ್ಕ ಬರುವುದಿಲ್ಲ, ಹುಡುಗರೇ ಕಲಿಸುತ್ತಿದ್ದಾರೆ ಎಂದು ಕಟ್ಟೆಯ ಮೇಲೆ ಮಾತು. ಒಂದು ಸಂಜೆ ಆಯಿ ಬಾಟಲಿಯಲ್ಲಿ ಔಡಲೆಣ್ಣೆ ಹಿಡಿದುಕೊಂಡು ಬಂದಳು. ಕರುಣೆಯಿಂದ ನನ್ನ ತಲೆ ಸವರಿ, "ದಿನಾ ನೆತ್ತಿಗಿ ಹಚ್ಕೋರಿ ಬಾಯೋರ. ತಲಿ ತಂಪಾದ್ರ ನೆನಪ ಬರ್ತದ" ಎಂದಳು. ನಿಜ ಹೇಳಿಬಿಡೋಣವೆನಿಸಿತು. ಹೇಳಿದರೆ ಅದು ಹುಡುಗಿಯ ಕಿವಿಗೂ ಬೀಳುತ್ತದೆ, ಜಗಳದ ಸೊಗಸೇ ಹೋಗುತ್ತದೆ. ಸುಮ್ಮನೆ ಎಣ್ಣೆ ಹಚ್ಚಿಸಿಕೊಂಡೆ. ಒಳ್ಳೆಯ ನಿದ್ದೆ ಬಂತು.

ಪರೀಕ್ಷೆ ಹತ್ತಿರ ಬಂದಂತೆ ನನಗೆ ಹೊಸ ದಿಗಿಲು ಶುರುವಾಯಿತು. ನಾನು ತಪ್ಪು ಬರೆದರೆ ತಾನೇ ಇವಳು ಸರಿ ಮಾಡುವುದು? ಪ್ರಶ್ನೆಪತ್ರಿಕೆಯನ್ನು ತಿಳಿದವರು ತಿದ್ದಿ ಅಚ್ಚು ಹಾಕಿರುತ್ತಾರೆ. ಅಲ್ಲಿ ಇವಳು ಯಾರ ಜೊತೆ ಜಗಳ ಮಾಡಿ ಬರೆಯುತ್ತಾಳೆ? ಬಾಯಿ ಮುಚ್ಚಿ ಕೂತರೆ ಪುಣೆಯೇ ಗತಿ. ಹುಡುಗಿಯನ್ನು ಹಾಳು ಮಾಡಿಬಿಟ್ಟೆನೇನೋ ಎಂದು ಊಟ ಸೇರಲಿಲ್ಲ.

ಪರೀಕ್ಷೆ ಆಳಂದದಲ್ಲಿತ್ತು. ಆಯಿ ಮತ್ತು ನಾನು ಹುಡುಗಿಯನ್ನು ಒಳಗೆ ಕಳಿಸಿ ಬೇವಿನ ಮರದ ಕೆಳಗೆ ಕೂತೆವು. ಆಯಿ ಕಂಡ ಕಂಡ ದೇವರಿಗೆ ಕೈ ಮುಗಿದಳು, ನಾನು ಉಗುರು ಕಚ್ಚಿದೆ. ಗಂಟೆ ಹೊಡೆಯಿತು, ಮಕ್ಕಳು ಹೊರಬಂದರು. ನಮ್ಮ ಹುಡುಗಿ ಕೊನೆಗೆ ಬಂದಳು, ಮುಖ ಕೆಂಪು, ಮೂಗಿನ ಹೊಳ್ಳೆ ಅರಳಿತ್ತು. ನಾನು ಎದ್ದು ಓಡಿದೆ.

"ಏನಾಯ್ತು? ಬರದಿಯಿಲ್ಲೋ?"

"ಎಂಥಾ ಮಂದಿರಿ ಇವ್ರು!" ಎಂದಳು. "ಒಂದೊಂದು ಪ್ರಶ್ನಿಗಿ ನಾಕ ನಾಕ ಉತ್ತರ ಕೊಟ್ಟಾರ್ರಿ ಟೀಚರ್, ಅದ್ರಾಗ ಮೂರು ಸುಳ್ಳು! ನಿಮಗಿಂತ ದಡ್ಡರ ಅದಾರ. ಒಂದೂ ಬಿಡಲಿಲ್ಲ ನಾನು, ಎಲ್ಲಾ ಸುಳ್ಳ ಹುಡುಕಿ ತೆಗದೇನಿ!"

ನಾನು ಬೇವಿನ ಮರ ಹಿಡಿದುಕೊಂಡು ನಕ್ಕೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನನ್ನ ತಲೆಗೆ ಎಣ್ಣೆ ಇನ್ನೂ ಹತ್ತಿಲ್ಲವೆಂದು ಆಯಿಗೆ ಖಾತ್ರಿಯಾಯಿತು.

ಸೀಟು ಸಿಕ್ಕಿತು. ಜೇವರ್ಗಿ ದಾಟಿ ಯಡ್ರಾಮಿ ಕಡೆಯ ವಸತಿ ಶಾಲೆ. ಜೂನ್ ತಿಂಗಳಲ್ಲಿ ಒಂದು ಟ್ರಂಕು, ಒಂದು ಡಬ್ಬಿ ಹಿಂಡಿ, ಒಂದು ಗಂಟು ಕಡಕ್ ರೊಟ್ಟಿ ಕಟ್ಟಿಕೊಂಡು ಹೋದಳು. ಹೋಗುವಾಗ ಕಿಟಕಿಯ ಸೀಟಿಗಾಗಿ ಬಸ್ಸಿನಲ್ಲಿ ಯಾರೊಂದಿಗೋ ಜಗಳ ಹೂಡಿದ್ದರಿಂದ ನನ್ನತ್ತ ಕೈ ಬೀಸಲು ಮರೆತಳು.

ಹೊಸ ಐದನೇ ತರಗತಿ ಬಂತು. ಒಳ್ಳೆಯ ಮಕ್ಕಳು, ಹೇಳಿದ ಹಾಗೆ ಕೇಳುವವರು. ಅರ್ಧಕ್ಕೆ ಮೂರರಲ್ಲೊಂದು ಕೂಡಿಸಿದರೆ ಐದರಲ್ಲೆರಡು ಎಂದು ಬರೆದು ಕೈ ಕಟ್ಟಿ ನಿಂತೆ. ಎಲ್ಲರೂ ಶಿಸ್ತಿನಿಂದ ಬರೆದುಕೊಂಡರು. ನನಗೆ ಅಳು ಬಂದಂತಾಯಿತು. ಆ ಹುಡುಗಿ ಎಷ್ಟು ಬೇಕಾಗಿದ್ದಳೆಂದು ಆಗ ಗೊತ್ತಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ವಸತಿ ಶಾಲೆಯ ಗಣಿತದ ಟೀಚರು ಫೋನು ಮಾಡಿದರು. ಚಿಕ್ಕ ವಯಸ್ಸಿನ ದನಿ. "ಮೇಡಂ, ನಿಮ್ಮ ಊರಿನ ಹುಡುಗಿ ಲೆಕ್ಕದ ತಾಸಿನ್ಯಾಗ ಸಪ್ಪ ಮಾರಿ ಮಾಡ್ಕೊಂಡು ಕೂಡ್ತಾಳ್ರಿ. ಮಾತಿಲ್ಲ, ಬರಿಯೂದಿಲ್ಲ. ಮನಿ ನೆನಪ ಅದ ಅಂತ ಕಾಣಸ್ತದ. ಅವರ ಆಯಿಗಿ ಹೇಳಿ ಕರಕೊಂಡು ಹೋಗಾಕ ಹೇಳ್ಳೇನು ಅಂತ ಕೇಳಾಕತ್ತೇನಿ."

ಕರೆದುಕೊಂಡು ಬಂದರೆ ಊರಿಗಲ್ಲ, ಪುಣೆಗೆ.

"ನೀವು ಬೋರ್ಡಿನ ಮ್ಯಾಲ ಬರಿಯೂದೆಲ್ಲ ಸರಿ ಇರ್ತದೇನ್ರಿ?" ಎಂದೆ.

"ಇದೇನ ಕೇಳ್ತೀರಿ ಮೇಡಂ! ಸರಿನೇ ಇರ್ತದ."

"ಅದೇ ರೋಗ. ನಾಳಿ ಒಂದು ಲೆಕ್ಕ ತಪ್ಪ ಬರೀರಿ. ಬರದು, ಇದೇ ಸರಿ ಅಂತ ಹಟ ಹಿಡೀರಿ."

ಆ ಟೀಚರಿಗೆ ಸಿಟ್ಟು ಬಂತು. ತಾನು ಪದವಿ ಮಾಡಿದವಳು, ಮಕ್ಕಳ ಮುಂದೆ ತಪ್ಪು ಯಾಕೆ ಬರೆಯಬೇಕು ಎಂದು ನನ್ನ ಜೊತೆ ವಾದಕ್ಕೇ ಬಿದ್ದಳು. ಬಹಳ ದಿನಗಳ ಮೇಲೆ ನನಗೂ ಒಂದು ಒಳ್ಳೆಯ ಜಗಳ ಸಿಕ್ಕಿತು. ಗೆದ್ದೆ.

ಮಾರನೆಯ ದಿನ ಮಧ್ಯಾಹ್ನ ಮತ್ತೆ ಫೋನು. ಟೀಚರ ಮಾತು ಕೇಳಿಸುತ್ತಲೇ ಇರಲಿಲ್ಲ. ಹಿಂದಿನಿಂದ ಒಂದು ಹುಡುಗಿಯ ದನಿ ಗೋಡೆ ಬಿರಿಯುವಂತೆ ಕೂಗುತ್ತಿತ್ತು: "ಅಲ್ರೀ ಟೀಚರ್, ಕೂಡಿಸಿದ ಮ್ಯಾಲ ಕಡಿಮಿ ಹ್ಯಾಂಗಾಗ್ತದ್ರಿ? ಚಾಕ್‌ಪೀಸ ಇತ್ಲಾಗ ಕೊಡ್ರಿ!"

"ಮೇಡಂ, ಸುಮ್ಮನಾಗವಲ್ಲಳ್ರಿ!" ಎಂದು ಟೀಚರು ಗೋಗರೆಯುತ್ತಿದ್ದಳು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಆ ಜಗಳ ಮುಗಿಯುವ ತನಕ ಕೇಳುತ್ತ ಕೂತೆ. ನನ್ನನ್ನು ಕಿವಿ ಗುಂಪಿಗೆ ಹಾಕಿದ್ದು ಅಂಥ ತಪ್ಪೇನೂ ಅಲ್ಲ ಎಂದು ಅವತ್ತು ಅನಿಸಿತು.